ಗಾಜಿನ ಹುಲಿಯೂ ಪಟ್ಟೆಯ ಹುಲಿಯೂ

ಭಾರತದ ಕಾಡುಗಳಲ್ಲಿ ಹುಲಿಗಳೆಷ್ಟು ಎಂಬ ಪ್ರಶ್ನೆಗೆ 1972ರ ಗಣತಿ ಕೊಟ್ಟ ಉತ್ತರ 1,827. ಕಾಡಿನ ಒಂದು ಹುಲಿಯೂ ಲೆಕ್ಕ ತಪ್ಪಿಲ್ಲ ಎಂಬ ಭರವಸೆಯನ್ನು ಈ ಸಂಖ್ಯೆಯ ಕೊನೆಯ ಏಳು ಹೊತ್ತಿತ್ತು. ಆ ಭರವಸೆ ಆಧಾರವಿಲ್ಲದ್ದೆಂದು ತೋರಿಸಲು ಬಹುಪಾಲು ದುಡಿದವರು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು. ಅದನ್ನು ಅಧಿಕೃತವಾಗಿ ಕೈಬಿಡಲು ಮಾತ್ರ ಮೂರು ದಶಕಗಳು ಬೇಕಾದವು.

ಗಣತಿಯ ವಿಧಾನ ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿಯವರದು. ಖೈರಿ ಎಂಬ ಹೆಣ್ಣುಹುಲಿಯನ್ನು ಮನೆಯಲ್ಲೇ ಸಾಕಿ ಹೆಸರಾದವರೂ ಅವರೇ. ಗೊತ್ತಾದ ದಿನಗಳಲ್ಲಿ ಅರಣ್ಯ ಸಿಬ್ಬಂದಿ ಏಕಕಾಲಕ್ಕೆ ಕಾಡು ಸುತ್ತಿ, ಮಣ್ಣಿನಲ್ಲಿ ಮೂಡಿದ ಹೆಜ್ಜೆಗುರುತಿನ ಮೇಲೆ ಗಾಜಿಟ್ಟು ಅದರ ಅಂಚನ್ನು ಗೆರೆಯಾಗಿ ಎಳೆದುಕೊಳ್ಳುತ್ತಿದ್ದರು, ಇಲ್ಲವೇ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಅಚ್ಚು ತೆಗೆಯುತ್ತಿದ್ದರು. ಬೆರಳಚ್ಚಿನಂತೆ ಹೆಜ್ಜೆಯೂ ಹುಲಿಯಿಂದ ಹುಲಿಗೆ ಬೇರೆ ಎಂಬುದು ಇದರ ಹಿಂದಿನ ನಂಬಿಕೆ. ಆದರೆ ಒಂದೇ ಪಾದ ಒದ್ದೆ ಮರಳಿನಲ್ಲಿ ಒಂದು ಬಗೆಯಾಗಿ, ಗಟ್ಟಿ ನೆಲದ ತೆಳು ಧೂಳಿನಲ್ಲಿ ಇನ್ನೊಂದು ಬಗೆಯಾಗಿ ಮೂಡುತ್ತದೆ; ಗೆರೆ ಎಳೆಯುವ ಕೈ ಬದಲಾದರೂ ಚಿತ್ರ ಬದಲಾಗುತ್ತದೆ.

ಶಿವರಾಮ ಕಾರಂತರ ಮಗನಾದ ಉಲ್ಲಾಸರು ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಕೆಲಕಾಲ ಆ ಉದ್ಯೋಗವನ್ನೂ ಬಳಿಕ ಕೃಷಿಯನ್ನೂ ಮಾಡಿ, ಆಮೇಲೆ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ಪರಿಸರಶಾಸ್ತ್ರ ಕಲಿತವರು. ಅಳೆಯುವ ಸಾಧನವನ್ನು ಮೊದಲು ತಿಳಿದ ವಸ್ತುವಿನ ಮೇಲೆ ಪರೀಕ್ಷಿಸುವುದು ಎಂಜಿನಿಯರನ ಅಭ್ಯಾಸ. ಅಂತೆಯೇ ಅವರು 1980ರ ದಶಕದಲ್ಲಿ ಸೆರೆಯಲ್ಲಿದ್ದ ಬೆರಳೆಣಿಕೆಯ ಹುಲಿಗಳ ಹೆಜ್ಜೆಗುರುತುಗಳನ್ನು ಹಲವು ಬಾರಿ ಎಳೆಸಿ, ಇವು ಎಷ್ಟು ಹುಲಿಗಳವು ಎಂದು ಪಳಗಿದವರನ್ನೇ ಕೇಳಿದರು. ಸರಿಯಾದ ಉತ್ತರ ಬರಲಿಲ್ಲ. ಇದ್ದ ಹುಲಿಗಳಿಗಿಂತ ಹೆಚ್ಚು ಹುಲಿಗಳು ಗಾಜಿನ ಮೇಲೆ ಹುಟ್ಟಿಕೊಂಡವು. ಇಷ್ಟು ಅಗ್ಗದ ಪರೀಕ್ಷೆಯನ್ನು ದೇಶದ ಗಣತಿಗೆ ಮುನ್ನವೇ ಯಾರೂ ಮಾಡಿರಲಿಲ್ಲವೆಂಬುದು ಸೋಜಿಗ. ಫಲಿತಾಂಶ ಬಂದ ಮೇಲೂ ಗಣತಿ ಹಾಗೆಯೇ ನಡೆಯಿತೆಂಬುದು ಅದಕ್ಕಿಂತ ದೊಡ್ಡ ಸೋಜಿಗ.

ಹುಲಿಯ ನಿಜವಾದ ಗುರುತು ಮೈಮೇಲಿನ ಪಟ್ಟೆ. ಕಾಡುದಾರಿಗೆ ಅಡ್ಡಲಾಗಿ ತಂತಿ ಕಟ್ಟಿ, ಹುಲಿ ತಾನೇ ತನ್ನ ಚಿತ್ರ ತೆಗೆದುಕೊಳ್ಳುವಂತೆ ಮಾಡಿದ್ದ ಬ್ರಿಟಿಷ್ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ 1920ರ ದಶಕದಲ್ಲೇ ಇದನ್ನು ಗಮನಿಸಿದ್ದರು. ನಾಗರಹೊಳೆಯಲ್ಲಿ ಕಾರಂತರು ತಂತಿಯ ಬದಲು ಕಣ್ಣಿಗೆ ಕಾಣದ ಕಿರಣವನ್ನು ಬಳಸಿದರು. ಎಡಬಲ ಮೈಗಳ ಪಟ್ಟೆ ಒಂದೇ ಆಗಿರದ ಕಾರಣ ದಾರಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾ ಬೇಕಿತ್ತು. ಚಿತ್ರಗಳನ್ನು ಸಂಖ್ಯೆಯಾಗಿಸಿದ ಗಣಿತ ಮೀನು ಮತ್ತು ಬಾತುಕೋಳಿಗಳ ಅಧ್ಯಯನದಿಂದ ಬಂದದ್ದು, ‘ಹಿಡಿ-ಮರುಹಿಡಿ’ ವಿಧಾನ. ಮೊದಲ ಸುತ್ತಿನಲ್ಲಿ 20 ಹುಲಿಗಳ ಚಿತ್ರ ಸಿಕ್ಕಿ, ಎರಡನೆಯ ಸುತ್ತಿನಲ್ಲಿ ಸಿಕ್ಕ 20ರಲ್ಲಿ 10 ಹಳಬ ಹುಲಿಗಳೇ ಆಗಿದ್ದರೆ, ಪ್ರತಿ ಸುತ್ತಿನಲ್ಲೂ ಅರ್ಧದಷ್ಟು ಹುಲಿಗಳು ಮಾತ್ರ ಸಿಗುತ್ತಿವೆಯೆಂದೂ ಒಟ್ಟು ಸುಮಾರು 40 ಇರಬೇಕೆಂದೂ ಊಹಿಸಬಹುದು. ಕಾಣದ ಹುಲಿಯನ್ನೂ ಲೆಕ್ಕಕ್ಕೆ ತಂದು, ತನ್ನ ತಪ್ಪಿನ ಪ್ರಮಾಣವನ್ನು ತಾನೇ ಹೇಳುವ ಈ ವಿಧಾನವನ್ನು ಅವರು 1995ರಲ್ಲಿ ಪ್ರಕಟಿಸಿದರು. ಅಮೆರಿಕದ ಜೇಮ್ಸ್ ನಿಕೋಲ್ಸ್ ಜೊತೆಗೂಡಿ 1998ರಲ್ಲಿ ಬರೆದ ಪ್ರಬಂಧದ ಪ್ರಕಾರ 100 ಚದರ ಕಿಲೋಮೀಟರಿಗೆ ನಾಗರಹೊಳೆಯಲ್ಲಿ 11.5, ಕಾಜಿರಂಗದಲ್ಲಿ 16.8 ಹುಲಿಗಳಿದ್ದವು.

ಜಿಂಕೆ, ಕಡವೆ, ಕಾಟಿಗಳನ್ನು ನೇರ ಗೆರೆಗಳಲ್ಲಿ ನಡೆದು ಎಣಿಸಿದ ಕೆಲಸಕ್ಕೆ ಕಡಿಮೆ ಪ್ರಚಾರ ಸಿಕ್ಕಿತಾದರೂ ಅದರ ತೂಕ ಕಡಿಮೆಯಲ್ಲ. ಹುಲಿಯೊಂದಕ್ಕೆ ವರ್ಷಕ್ಕೆ ಸುಮಾರು 50 ಬೇಟೆ, ಆ 50 ಬೇಟೆಗೆ ಕಾಡಿನಲ್ಲಿ ಸುಮಾರು 500 ಗೊರಸಿನ ಪ್ರಾಣಿಗಳು ಬೇಕೆಂಬ ಲೆಕ್ಕ ಇಂತಹ ನಡಿಗೆಗಳ ಫಲ. ನಾಗರಹೊಳೆಯಲ್ಲಿ 1991ರಿಂದ 2000ದವರೆಗೆ ಚಿತ್ರಕ್ಕೆ ಸಿಕ್ಕ 74 ಹುಲಿಗಳ ಅಧ್ಯಯನವಂತೂ, ಒಂದು ವರ್ಷ ಕಂಡ ಹುಲಿ ಮರುವರ್ಷವೂ ಬದುಕಿರುವ ಸಂಭವ ಸುಮಾರು ಮುಕ್ಕಾಲು ಪಾಲು ಮಾತ್ರ ಎಂದು ತೋರಿಸಿತು. ವರ್ಷವರ್ಷವೂ ಹುಲಿಗಳು ಕಳೆದುಹೋಗುವುದು ಸಹಜವೆಂಬ ಈ ಮಾತು, ಪ್ರತಿ ಸಾವನ್ನೂ ವಿಪತ್ತೆಂದು ಬರೆಯುವ ಪತ್ರಿಕೆಗಳಿಗೆ ಇಂದಿಗೂ ರುಚಿಸಿಲ್ಲ.

ಗಣತಿಯ ಕಡತದಲ್ಲಿ ಹುಲಿಗಳಿದ್ದ ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಉಳಿದಿಲ್ಲವೆಂದು 2005ರಲ್ಲಿ ಬಯಲಾದ ಮೇಲಷ್ಟೇ ಹೆಜ್ಜೆಗುರುತಿನ ಗಣತಿ ಬದಿಗೆ ಸರಿಯಿತು. ಕ್ಯಾಮೆರಾ ಸೇರಿದ ಹೊಸ ಅಂದಾಜು ಕೊಟ್ಟ ಸಂಖ್ಯೆ 1,411. ಜಗಳ ಮಾತ್ರ ಮುಗಿಯಲಿಲ್ಲ. ಕ್ಯಾಮೆರಾ ಇಟ್ಟ ಕಾಡುಗಳ ಎಣಿಕೆಯನ್ನು ಹೆಜ್ಜೆ, ಮಲದಂತಹ ಕುರುಹುಗಳಿಗೆ ಹೊಂದಿಸಿ, ಕ್ಯಾಮೆರಾ ಇಡದ ಕಾಡುಗಳಿಗೂ ಹಬ್ಬಿಸುವ ಆ ಹೊಸ ಪದ್ಧತಿಯ ಗಣಿತ ದುರ್ಬಲವೆಂದು ಕಾರಂತರೂ ಸಂಗಡಿಗರೂ 2015ರಲ್ಲಿ ವಾದಿಸಿದರು; ಆ ಸಂಗಡಿಗರಲ್ಲಿ ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆಯ ಮೋಹನ್ ದೇಲಂಪಾಡಿಯವರೂ ಇದ್ದರು. ಗಾಜಿನಿಂದ ಎದ್ದ ಹೆಜ್ಜೆಗುರುತು, ಹೀಗೆ, ಸಮೀಕರಣದೊಳಗೆ ಮತ್ತೆ ಬಂದು ಕೂತಿತ್ತು.