ಪಿಂಚಣಿಯ ಕಾಗದದಲ್ಲಿ ಯಾರ ಹೆಸರಿದೆ?

ಪಾಂಡವಪುರದಿಂದ ತೊಣ್ಣೂರಿಗೆ, ಅಲ್ಲಿಂದ ಮೇಲುಕೋಟೆ, ನಾಗಮಂಗಲದ ಕಡೆಗೆ ತಿರುಗಾಡುವವರ ಕಣ್ಣಿಗೆ ಊರ ಮುಂದೆಯೋ ಹೊಲದ ಬದುವಿನಲ್ಲೋ ಒಂದಲ್ಲ ಒಂದು ವೀರಗಲ್ಲು ಬಿದ್ದೇ ಬೀಳುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಶಾಲಾ ಪ್ರವಾಸದ ಮಕ್ಕಳು ಇಷ್ಟನ್ನು ನೋಡಿ, ಕೆರೆಯ ನೀರಿನಲ್ಲಿ ಕಾಲು ಅದ್ದಿ ಹೋಗುತ್ತಾರೆ. ಆದರೆ ಇಂಥ ಕಲ್ಲುಗಳ ಬರಹದಲ್ಲಿ ಅಪ್ಸರೆಯರಿಗಿಂತ ಹೆಚ್ಚು ಲೌಕಿಕವಾದ ಒಂದು ಮಾತು ಆಗಾಗ ಬರುತ್ತದೆ: ನೆತ್ತರುಗೊಡಗೆ. ತುರುಗಳನ್ನು ಕಾಯಲು, ಊರನ್ನು ಉಳಿಸಲು ಹೋಗಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿ ಅದು. ಕೆಲವು ಶಾಸನಗಳು ಆ ಭೂಮಿ ಯಾರಿಗೆ ಸೇರಿತು ಎಂಬುದನ್ನೂ ಹೇಳುತ್ತವೆ. ಹೆಸರು ಕಲ್ಲಿಗೆ ಬಿದ್ದ ಮೇಲೆ ನಾಳೆ ದಾಯಾದಿಗಳು ತಕರಾರು ಮಾಡುವುದು ಅಷ್ಟು ಸುಲಭವಲ್ಲ!

ದುಡಿಯುವವನು ಹೋದ ಮೇಲೆ ಅವನ ಮನೆಯನ್ನು ನೋಡಿಕೊಳ್ಳುವ ಹೊಣೆ ಆಳುವವರದು ಎಂಬ ಯೋಚನೆ ಹೀಗೆ ನಮ್ಮ ನೆಲಕ್ಕೆ ಹೊಸದಲ್ಲ. ಮೈಸೂರು ಸಂಸ್ಥಾನ 1891ರಷ್ಟು ಹಿಂದೆಯೇ ತನ್ನ ನೌಕರರಿಗೆ ಜೀವವಿಮೆ ತಂದಿತು; ಇಂದು ಸಂಬಳದಲ್ಲಿ ಕೆ.ಜಿ.ಐ.ಡಿ. ಎಂದು ಹಿಡಿಯುವ ಕಂತಿನ ಮೂಲ ಅದೇ. ಕೇಂದ್ರ ಸರ್ಕಾರಿ ನೌಕರರ ಕುಟುಂಬ ಪಿಂಚಣಿ ಯೋಜನೆ ಜಾರಿಗೆ ಬಂದದ್ದು 1964ರಲ್ಲಿ. ಕರ್ನಾಟಕದ ನೌಕರರಿಗೆ ಈಗ 2002ರ ಕುಟುಂಬ ಪಿಂಚಣಿ ನಿಯಮಗಳಿವೆ. ವ್ಯವಸ್ಥೆಯೇನೋ ಇದೆ. ಕಾಗದದಲ್ಲಿ ಇರಬೇಕಾದ ಹೆಸರು ಇದೆಯೇ ಎಂಬುದೇ ಪ್ರಶ್ನೆ.

ತೊಣ್ಣೂರಿನ ಆಸುಪಾಸಿನ ಸರ್ಕಾರಿ ಪ್ರೌಢಶಾಲೆಯೊಂದಕ್ಕೆ 1995ರಲ್ಲಿ, ಇಪ್ಪತ್ತಮೂರನೇ ವಯಸ್ಸಿನಲ್ಲಿ ಸೇರಿದ ಒಬ್ಬ ಮೇಷ್ಟ್ರನ್ನು ಕಲ್ಪಿಸಿಕೊಳ್ಳಿ. ಆಗ ಮದುವೆಯಾಗಿಲ್ಲ. ಗುಮಾಸ್ತರು ಮುಂದಿಟ್ಟ ನಾಲ್ಕೈದು ನಮೂನೆಗಳಲ್ಲಿ ಎಲ್ಲೆಲ್ಲಿ ‘ನಾಮನಿರ್ದೇಶಿತರು’ ಎಂದಿತ್ತೋ ಅಲ್ಲೆಲ್ಲ ತಾಯಿಯ ಹೆಸರು ಬರೆದು ಸಹಿ ಹಾಕಿದರು. ತಪ್ಪೇನೂ ಇಲ್ಲ. ಐದು ವರ್ಷದ ಮೇಲೆ ಮದುವೆ, ಆಮೇಲೆ ಇಬ್ಬರು ಮಕ್ಕಳು. ಪಡಿತರ ಚೀಟಿಗೆ ಹೆಂಡತಿಯ ಹೆಸರು ಸೇರಿತು, ಮತದಾರರ ಪಟ್ಟಿಗೂ ಸೇರಿತು. ಸೇವಾ ಪುಸ್ತಕದೊಳಗಿನ ಆ ಹಳೆಯ ಹಾಳೆಗಳು ಮಾತ್ರ ಹಾಗೆಯೇ ಉಳಿದವು. ಸೇವೆಯಲ್ಲಿದ್ದಾಗಲೇ ಅವರಿಗೆ ಏನಾದರೂ ಆದರೆ?

ಇಲ್ಲಿ ಬಹಳ ಮಂದಿ ಎರಡು ಸಂಗತಿಗಳನ್ನು ಕಲಸಿಬಿಡುತ್ತಾರೆ. ಕುಟುಂಬ ಪಿಂಚಣಿ ನಾಮಿನಿಯ ಹಿಂದೆ ಹೋಗುವುದಿಲ್ಲ. ಅದು ಯಾರಿಗೆ, ಯಾವ ಸರದಿಯಲ್ಲಿ ಎಂಬುದನ್ನು ನಿಯಮವೇ ಹೇಳುತ್ತದೆ: ಮೊದಲು ಹೆಂಡತಿ ಅಥವಾ ಗಂಡ, ಅವರ ನಂತರ ಅರ್ಹ ಮಕ್ಕಳು. ನೌಕರನು ಕೊಡಬೇಕಾದ್ದು ಕುಟುಂಬದ ಸದಸ್ಯರ ವಿವರ, ಅಷ್ಟೆ. ಉಯಿಲು ಬರೆದರೂ ಇದನ್ನು ಬದಲಿಸಲಾಗದು. ರೈಲ್ವೆ ನೌಕರನೊಬ್ಬ ಸೋದರನ ಹೆಸರಿಗೆ ಉಯಿಲು ಬರೆದಿಟ್ಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1991ರಲ್ಲಿ, ಕುಟುಂಬ ಪಿಂಚಣಿ ಸತ್ತವನ ಆಸ್ತಿಯೇ ಅಲ್ಲ, ಆದ್ದರಿಂದ ಅದನ್ನು ಉಯಿಲಿನಿಂದ ಯಾರಿಗೂ ಕೊಡಲು ಬಾರದು ಎಂದು ತೀರ್ಮಾನಿಸಿತು.

ಆದರೆ ಭವಿಷ್ಯನಿಧಿಯ ಜಿ.ಪಿ.ಎಫ್. ಹಣ, ಮರಣ ಮತ್ತು ನಿವೃತ್ತಿ ಉಪದಾನ, ಕೆ.ಜಿ.ಐ.ಡಿ. ಪಾಲಿಸಿ, ಗುಂಪು ವಿಮೆ ಇವುಗಳ ದಾರಿಯೇ ಬೇರೆ. ಇವು ಕಾಗದದಲ್ಲಿ ಬರೆದ ಹೆಸರನ್ನು ಹುಡುಕಿಕೊಂಡು ಹೋಗುತ್ತವೆ. ಅಂದರೆ ನಮ್ಮ ಮೇಷ್ಟ್ರ ಮನೆಯಲ್ಲಿ ತಿಂಗಳ ಪಿಂಚಣಿ ಹೆಂಡತಿಗೆ ಬರುತ್ತದೆ. ಒಟ್ಟಿಗೆ ಬರುವ ದೊಡ್ಡ ಮೊತ್ತವೆಲ್ಲ ಎಂಬತ್ತು ದಾಟಿದ ಅತ್ತೆಯ ಖಾತೆಗೆ. ಮಗಳ ಕಾಲೇಜಿನ ಶುಲ್ಕ ಕಟ್ಟಬೇಕಾದ ಹಣ ಅದು. ಅಜ್ಜಿ ಒಳ್ಳೆಯವರೇ ಇರಬಹುದು. ಆದರೆ ಆ ಹಣ ಅಲ್ಲಿದ್ದಾಗಲೇ ಅವರೂ ತೀರಿಕೊಂಡರೆ, ಅದರ ಮೇಲೆ ಕಣ್ಣಿಡುವವರು ಮನೆಯಲ್ಲಿ ಒಬ್ಬಿಬ್ಬರಲ್ಲ. ಇನ್ನು ಅಜ್ಜಿ ಮಗನಿಗಿಂತ ಮೊದಲೇ ಹೋಗಿದ್ದು, ಪರ್ಯಾಯವಾಗಿ ಬೇರೆ ಹೆಸರನ್ನು ಬರೆದಿರದಿದ್ದರೆ, ಆ ನಾಮನಿರ್ದೇಶನ ಇದ್ದೂ ಇಲ್ಲದಂತೆ.

ಹಾಗಾದರೆ ನಾಮಿನಿ ಎಂದರೆ ಮಾಲೀಕನೇ? ಕಬ್ಬಿನ ಗಾಡಿ ಹೊಡೆದುಕೊಂಡು ಕಾರ್ಖಾನೆಯ ಗೇಟಿಗೆ ಬಂದವನು ಕಬ್ಬಿನ ಒಡೆಯನೇ ಆಗಿರಬೇಕಿಲ್ಲ. ಚೀಟಿ ಅವನ ಕೈಗೆ ಕೊಡುತ್ತಾರೆ, ಗದ್ದೆ ಇನ್ನೊಬ್ಬರದು. ಜೀವವಿಮೆಯ ಮೊಕದ್ದಮೆಯೊಂದರಲ್ಲಿ 1983ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಇದನ್ನೇ: ನಾಮಿನಿ ಹಣವನ್ನು ಪಡೆಯುವ ಕೈ, ಪಾಲು ವಾರಸುದಾರರದು. ಕಂಪನಿ ಷೇರುಗಳ ವಿಷಯದಲ್ಲಿ 2023ರ ಡಿಸೆಂಬರಿನಲ್ಲೂ ಅದೇ ಅಭಿಪ್ರಾಯ ಬಂತು. (ವಿಮಾ ಕಾಯಿದೆಗೆ 2015ರಲ್ಲಿ ಬಂದ ತಿದ್ದುಪಡಿ ಮಾತ್ರ ತಂದೆತಾಯಿ, ಗಂಡಹೆಂಡತಿ, ಮಕ್ಕಳು ನಾಮಿನಿಗಳಾಗಿದ್ದರೆ ಅವರೇ ಹಣದ ಹಕ್ಕುದಾರರು ಎಂದಿತು.) ಹಕ್ಕು ಇದೆ ಎಂದು ಸಮಾಧಾನಪಟ್ಟುಕೊಳ್ಳುವ ಮೊದಲು ಒಂದು ಮಾತು ನೆನಪಿರಲಿ: ಆ ಹಕ್ಕನ್ನು ಸಾಧಿಸಲು ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ವಕೀಲರ ಫೀಜು, ವಾಯಿದೆ, ಮತ್ತೆ ವಾಯಿದೆ. ಒಂದು ಹಾಳೆ ಬದಲಿಸಿದ್ದರೆ ಉಳಿಯಬಹುದಾಗಿದ್ದ ವರ್ಷಗಳು ಅವು.

ಅಣ್ಣನ ಹೆಸರನ್ನೋ ಗೆಳೆಯನ ಹೆಸರನ್ನೋ ಬರೆದವರ ಕಥೆ ಇನ್ನೂ ಬೇರೆ. ಭವಿಷ್ಯನಿಧಿ ಮತ್ತು ಉಪದಾನದ ನಿಯಮಗಳು ಸಾಮಾನ್ಯವಾಗಿ ಕುಟುಂಬ ಇರುವವನಿಗೆ ಕುಟುಂಬದ ಹೊರಗಿನವರ ಹೆಸರು ಬರೆಯಲು ಬಿಡುವುದಿಲ್ಲ. ಕುಟುಂಬವೇ ಇಲ್ಲದ ಕಾಲದಲ್ಲಿ ಬರೆದಿದ್ದರೆ, ಕುಟುಂಬ ಆದ ಕೂಡಲೇ ಆ ಬರಹ ಅಸಿಂಧು.

ಎರಡನೇ ಮದುವೆಯ ಮನೆಗಳಲ್ಲಿ ಈ ವಿಷಯ ಎತ್ತುವುದೇ ಕಷ್ಟ, ಆದರೂ ಎತ್ತಲೇಬೇಕು. ಮೊದಲ ಹೆಂಡತಿ ಇರುವಾಗಲೇ ಆದ ಮದುವೆ 1955ರ ಹಿಂದೂ ವಿವಾಹ ಕಾಯಿದೆಯ ಪ್ರಕಾರ ಅಸಿಂಧು. ಅಂಥ ಹೆಂಡತಿಗೆ ಕುಟುಂಬ ಪಿಂಚಣಿ ಸಿಗದು. ಆಕೆಯ ಮಕ್ಕಳ ಪಾಲನ್ನು ಮಾತ್ರ ಸುಪ್ರೀಂ ಕೋರ್ಟು 2000ದಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಎತ್ತಿಹಿಡಿದಿದೆ. ಮಕ್ಕಳು ಮಾಡಿದ ತಪ್ಪಾದರೂ ಏನು? ಹಾಗೆಯೇ, ಗಂಡನೊಂದಿಗೆ ವಿಚ್ಛೇದನದ ಅಥವಾ ಕೌಟುಂಬಿಕ ದೌರ್ಜನ್ಯದ ಮೊಕದ್ದಮೆ ನಡೆಯುತ್ತಿರುವ ಮಹಿಳಾ ನೌಕರರು ಗಂಡನಿಗಿಂತ ಮೊದಲು ಮಕ್ಕಳಿಗೆ ಕುಟುಂಬ ಪಿಂಚಣಿ ಸಲ್ಲಬೇಕೆಂದು ಬರೆದುಕೊಡಬಹುದು ಎಂದು ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ ತನ್ನ ನೌಕರರಿಗೆ ಅವಕಾಶ ಮಾಡಿತು. ಬಹಳ ತಡವಾಗಿ ಬಂದ ನ್ಯಾಯ.

2006ರ ಏಪ್ರಿಲ್ 1ರಂದು ಮತ್ತು ಆಮೇಲೆ ರಾಜ್ಯದ ಸೇವೆಗೆ ಸೇರಿದವರದು ಎನ್.ಪಿ.ಎಸ್. ಪದ್ಧತಿ. ಅಲ್ಲಿ ನೌಕರನ ಖಾತೆಯಲ್ಲಿ ಹಣ ಬೆಳೆಯುತ್ತದೆ, ಮೂವರವರೆಗೆ ನಾಮಿನಿಗಳನ್ನು ಬರೆಯಬಹುದು, ಪಾಲನ್ನು ಶೇಕಡದಲ್ಲಿ ತೋರಿಸಬೇಕು. ಮೂವರಿಗೂ 33 ಎಂದು ಬರೆದರೆ ಲೆಕ್ಕ 99ಕ್ಕೆ ನಿಲ್ಲುತ್ತದೆ! ಒಬ್ಬರಿಗೆ 34 ಎಂದು ಬರೆಯುವುದನ್ನು ಏಳನೇ ತರಗತಿಯ ಹುಡುಗಿಯೂ ಹೇಳಿಕೊಡಬಲ್ಲಳು.

ಹೇಳಿಕೊಡಲಿ ಎಂಬುದೇ ಇಲ್ಲಿನ ಸಲಹೆ. ಓದುವ ಮಕ್ಕಳು ಒಂದು ಭಾನುವಾರ ಅಪ್ಪನ ಅಥವಾ ಅಮ್ಮನ ಪಕ್ಕ ಕುಳಿತು, ಪ್ರಯೋಗದ ರೆಕಾರ್ಡ್ ಪುಸ್ತಕದಲ್ಲಿ ಕೋಷ್ಟಕ ಹಾಕುವಂತೆ ಒಂದು ಕೋಷ್ಟಕ ಹಾಕಬಹುದು. ಎಡಗಡೆ ಹಣದ ಹೆಸರು, ನಂತರ ನಾಮಿನಿ ಯಾರು, ಯಾವ ವರ್ಷ ಬರೆದದ್ದು, ಅವರು ಈಗ ಇದ್ದಾರೆಯೇ, ಪರ್ಯಾಯ ಹೆಸರು ಇದೆಯೇ. ಖಾಲಿ ಉಳಿದ ಚೌಕಗಳೇ ಮಾತಾಡುತ್ತವೆ. ಸಾವಿನ ಮಾತು ಅಪಶಕುನ ಎಂದು ಹಿರಿಯರು ಗದರಿದರೆ, ಇದು ಬದುಕಿರುವವರ ಲೆಕ್ಕ ಎನ್ನಿ.

ಆ ಹೊತ್ತಿಗೇ ಹೆಸರುಗಳ ಕಾಗುಣಿತವನ್ನೂ ನೋಡಬೇಕು. ನಮ್ಮ ಕಡೆ ಒಬ್ಬ ತಾಯಿ ಮನೆಯಲ್ಲಿ ತಾಯಮ್ಮ, ಪಡಿತರ ಚೀಟಿಯಲ್ಲಿ ಜಯಮ್ಮ, ಆಧಾರಿನಲ್ಲಿ ಜಯಲಕ್ಷ್ಮಮ್ಮ ಆಗಿರುವುದು ಹೊಸದೇನಲ್ಲ. ಇನಿಷಿಯಲ್ಲು ಹಿಂದೊಮ್ಮೆ, ಮುಂದೊಮ್ಮೆ. ಬದುಕಿರುವಾಗ ಇದು ತಮಾಷೆ. ಖಜಾನೆಯ ಕಿಟಕಿಯ ಮುಂದೆ ಒಬ್ಬ ವಿಧವೆಗೆ ತಾನು ತಾನೇ ಎಂದು ರುಜುವಾತು ಮಾಡುವ ಕೆಲಸ. ಅಪ್ರಾಪ್ತ ಮಕ್ಕಳನ್ನು ನಾಮಿನಿ ಮಾಡಿದ್ದರೆ ಅವರ ಪರವಾಗಿ ಹಣ ಪಡೆಯುವವರ ಹೆಸರು ಬೇಕು. ಮಗುವಿಗೆ ಹದಿನೆಂಟು ತುಂಬಿದ ಮೇಲೆ ಆ ಹಾಳೆಯನ್ನು ಹೊಸದಾಗಿ ಬರೆಯುವುದು ಮೇಲು. ಮನೆಯಲ್ಲಿ ತನ್ನ ಕಾಲ ಮೇಲೆ ನಿಂತು ದುಡಿಯಲಾರದ ಅಂಗವಿಕಲ ಮಗು ಇದ್ದರೆ ಈ ಕೆಲಸವನ್ನು ನಾಳೆಗೆ ಇಡಲೇಬಾರದು. ಅಂಥ ಮಗುವಿಗೆ ಜೀವನಪರ್ಯಂತ ಕುಟುಂಬ ಪಿಂಚಣಿ ಸಿಗುವ ದಾರಿ ಇದೆ. ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಆ ವಿವರ ತಂದೆಯೋ ತಾಯಿಯೋ ಇರುವಾಗಲೇ ದಾಖಲೆಗೆ ಸೇರಿದ್ದರೆ, ಮುಂದೆ ಆ ಮಗುವನ್ನು ಕೈಹಿಡಿದು ಕಚೇರಿಗಳಿಗೆ ಅಲೆಸುವುದು ತಪ್ಪುತ್ತದೆ.

ಹೊಸ ನಮೂನೆ ತುಂಬಿ ಕೊಟ್ಟರೆ ಕೆಲಸ ಮುಗಿಯಲಿಲ್ಲ. ಕಚೇರಿಯ ಮುಖ್ಯಸ್ಥರು ಅದಕ್ಕೆ ಸಹಿ ಹಾಕಿ, ಬಂದ ದಿನಾಂಕ ನಮೂದಿಸಿ, ಸೇವಾ ಪುಸ್ತಕದಲ್ಲಿ ದಾಖಲಿಸಬೇಕು. ಮೊಹರು ಬಿದ್ದ ಪ್ರತಿಯೊಂದನ್ನು ಕೇಳಿ ತಂದು, ಮನೆಯಲ್ಲಿ ಮಕ್ಕಳ ಅಂಕಪಟ್ಟಿ ಇಡುವ ಕಡೆಯಲ್ಲೇ ಇಡುವುದು, ಇಟ್ಟ ಜಾಗವನ್ನು ಹೆಂಡತಿಗೋ ಗಂಡನಿಗೋ ತೋರಿಸುವುದು. ಪಿಂಚಣಿ ಬಂದು ಬೀಳುವ ಬ್ಯಾಂಕಿನ ಖಾತೆಗೂ ನಾಮಿನಿ ಬೇಕು ಎಂಬುದನ್ನು ಬಹುಪಾಲು ಮಂದಿ ಮರೆಯುತ್ತಾರೆ. 2025ರ ನವೆಂಬರ್ 1ರಿಂದ ಅಲ್ಲಿ ನಾಲ್ವರ ಹೆಸರು ಬರೆಯಲು ಅವಕಾಶವಿದೆ. ಪಾಸ್‌ಬುಕ್ಕು ತುಂಬಿಸಲು ಪಾಂಡವಪುರಕ್ಕೆ ಹೋದ ದಿನವೇ ಆ ನಮೂನೆಯನ್ನೂ ಕೇಳಿ ತರಬಹುದು.