ಚೀನದ ಕಸೂತಿಯೂ ನಮ್ಮ ಪೆಟ್ಟಿಗೆಯೂ

ನಮ್ಮ ವಾಚನಾಲಯಕ್ಕೆ ಬರುವ ಧಾರವಾಡದ ಕಡೆಯ ತಾಯಿಯೊಬ್ಬರು ತಮ್ಮ ಅತ್ತೆಯವರ ಕಸೂತಿಯ ಚಂದ್ರಕಾಳಿ ಸೀರೆಯನ್ನು ಪಾತ್ರೆ ಮಾರುವವಳಿಗೆ ಕೊಟ್ಟು ಒಂದು ಸ್ಟೀಲಿನ ಡಬ್ಬಿ ಪಡೆದರಂತೆ. "ಮಡಿಕೆಯಲ್ಲಿ ಹರಿದಿತ್ತು, ಇಟ್ಟುಕೊಂಡು ಏನು ಮಾಡೂದು?" ಎಂದರು. ಈ ಮಾತೇ ನಮ್ಮ ಈ ಲೇಖನಕ್ಕೆ ಕಾರಣ.

ಚೀನದ ರೇಷ್ಮೆ ನಮಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಚೀನಪಟ್ಟದ ಹೆಸರಿದೆ. ಕಾಳಿದಾಸನು ಚೀನಾಂಶುಕವನ್ನು ನೆನೆದಿದ್ದಾನೆ. ಆ ದೇಶದಲ್ಲಿ 1644ರಿಂದ 1912ರ ವರೆಗೆ ಆಳಿದ ಛಿಂಗ್ ಮನೆತನದ ಕಾಲದಲ್ಲಿ ಅರಮನೆಯ ಹೆಂಗಸರ ರೇಷ್ಮೆಯ ನಿಲುವಂಗಿಯೇ ಅವರ ದರ್ಜೆಯನ್ನು ಹೇಳುತ್ತಿತ್ತು. ಹೊಳೆಯುವ ಹಳದಿ ಬಣ್ಣವು ಅರಸ, ಪಟ್ಟದರಾಣಿ ಮೊದಲಾದ ಕೆಲವರಿಗಷ್ಟೇ ಮೀಸಲು. ಕೆಳಗಿನ ಅಂಚಿನಲ್ಲಿ ಸಮುದ್ರದ ಅಲೆ, ನಡುವೆ ಬೆಟ್ಟ, ಮೇಲೆ ಮೋಡಗಳಲ್ಲಿ ಘಟಸರ್ಪ—ಹೀಗೆ ಇಡೀ ಲೋಕವೇ ಸೂಜಿಯಲ್ಲಿ ಮೂಡುತ್ತಿತ್ತು. 1912ರಲ್ಲಿ ಅರಸೊತ್ತಿಗೆ ಹೋದ ಮೇಲೆ ಇಂಥ ಉಡುಪುಗಳು ಪೇಟೆಗೆ ಬಂದವು. ಕೆಲವನ್ನು ವಸ್ತುಸಂಗ್ರಹಾಲಯಗಳು ಕೊಂಡವು. ಎಷ್ಟನ್ನೋ ಕತ್ತರಿಸಿ ದಿಂಬಿನ ಚೀಲ ಮಾಡಿದರು.

ಇದರ ಸೋದರ ಕಲೆ ನಮ್ಮ ಪುಣೆಯಲ್ಲಿಯೂ ಉಂಟು. ಪಾರ್ಸಿ ಮನೆಗಳಲ್ಲಿ ಮದುವೆ, ನವಜೋತಗಳಿಗೆ ಉಡುವ 'ಗಾರಾ' ಸೀರೆ ಅದು. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಯಾಂಟನ್ನಿಗೆ ಹಡಗಿನಲ್ಲಿ ಹೋದ ಪಾರ್ಸಿ ವ್ಯಾಪಾರಿಗಳು ಅಲ್ಲಿಯ ಕುಶಲಿಗರಿಂದ ಕೊಕ್ಕರೆ, ಹೂಬಳ್ಳಿ, ಚೀನೀ ಗುಡಿಗಳ ಕಸೂತಿ ಮಾಡಿಸಿ ತಂದರು. ಹೋಗುವಾಗ ಆ ಹಡಗುಗಳಲ್ಲಿ ಹತ್ತಿಯೊಡನೆ ಅಫೀಮೂ ಇರುತ್ತಿತ್ತೆಂಬುದನ್ನು ಮರೆಯಲಾಗದು. ಇಂಥವರಲ್ಲಿ ಹಿರಿಯರು ಸರ್ ಜಮಶೇಟಜಿ ಜೀಜೀಭಾಯ್ (1783–1859). ಐದು ಸಲ ಚೀನಕ್ಕೆ ಹೋಗಿಬಂದವರು. ನಾವು ರವಿವಾರ ಮಕ್ಕಳೊಡನೆ ತಿರುಗಾಡುವ ಬಂಡ್ ಗಾರ್ಡನ್ನಿನ ಬಳಿಯ ಒಡ್ಡಿಗೆ ಅವರೇ ದೊಡ್ಡ ಮೊತ್ತ ಕೊಟ್ಟರು.

ನಮ್ಮ ಕಸೂತಿ ಅರಮನೆಯದಲ್ಲ, ಮನೆಯದು. ಗಾವಂತಿ, ಮುರಗಿ, ನೇಯಿಗೆ, ಮೆಂತ್ಯೆ ಎಂಬ ನಾಲ್ಕು ಹೊಲಿಗೆಗಳಿಂದ, ಚಿತ್ರ ಬರೆದುಕೊಳ್ಳದೆ, ಎಳೆ ಎಣಿಸಿ ಗೋಪುರ, ತೇರು, ಆನೆ, ತುಳಸೀ ಕಟ್ಟೆಗಳನ್ನು ತೆಗೆಯುತ್ತಾರೆ. ಗಾವಂತಿ, ಮುರಗಿಗಳು ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣುತ್ತವೆ.

ರಾಣಿಯ ಉಡುಪಾಗಲಿ ಅಜ್ಜಿಯ ಸೀರೆಯಾಗಲಿ, ರೇಷ್ಮೆಗೆ ಶತ್ರುಗಳು ಒಂದೇ: ಬಿಸಿಲು, ತೇವ, ಹುಳು, ಒಂದೇ ಮಡಿಕೆ. ಗಂಜಿ ಹಾಕದ, ಒಗೆದ ಹಳೆಯ ಪಂಚೆಯಲ್ಲಿ ಸುತ್ತಿ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿಯೂ ವರ್ತಮಾನ ಪತ್ರದಲ್ಲಿಯೂ ಬೇಡ. ಭಾರವಾದ ಕಸೂತಿಯನ್ನು ತೂಗುಹಾಕಬಾರದು. ಮಳೆಗಾಲ ಮುಗಿದ ಮೇಲೆ ನೆರಳಿನಲ್ಲಿ ಗಾಳಿಗೆ ಹರಡಿ, ಮಡಿಕೆ ಬದಲಿಸಬೇಕು. ಡಾಂಬರು ಗುಳಿಗೆ ಬಟ್ಟೆಗೆ ತಾಗಬಾರದು. ಹರಿದಿದ್ದರೆ ಹಿಂದೆ ತೆಳು ಬಟ್ಟೆ ಕೊಟ್ಟು ಮೆಲ್ಲಗೆ ಹೊಲಿಯಬಹುದು.

ಆ ಸೀರೆ ಹೋಯಿತು. ಪೇಟೆಯಲ್ಲಿ ಡಬ್ಬಿ ಎಷ್ಟಾದರೂ ಸಿಕ್ಕೀತು. ಎಳೆ ಎಣಿಸಿದ ಆ ಕಣ್ಣುಗಳು ಸಿಕ್ಕಲಾರವು. ವಾಚಕರು ಪಾತ್ರೆಯವಳನ್ನು ಕರೆಯುವ ಮೊದಲು ಒಮ್ಮೆ ತಮ್ಮ ಪೆಟ್ಟಿಗೆಯನ್ನು ತೆರೆದು ನೋಡಬೇಕೆಂದು ನಮ್ಮ ಬಿನ್ನಹ.