ವೈದ್ಯರ ಇಂಗ್ಲಿಷ್: ಅರ್ಥ ಮತ್ತು ಉಚ್ಚಾರಣೆ

ಮುಂಬಯಿ, ಪುಣೆ, ದೆಹಲಿಯಂತಹ ಮಹಾನಗರಗಳಲ್ಲಿ ನೆಲಸಿರುವ ಕನ್ನಡಿಗರಿಗೆ ವ್ಯವಹಾರದ ಇಂಗ್ಲಿಷ್ ಹೊಸದಲ್ಲ. ಆದರೆ ಕಛೇರಿಯಲ್ಲಿ ದಿನವೂ ಇಂಗ್ಲಿಷಿನಲ್ಲಿ ಪತ್ರ ಬರೆಯುವವರು ಸಹ ಆಸ್ಪತ್ರೆಯ ವರದಿ ಕೈಗೆ ಬಂದೊಡನೆ ತಬ್ಬಿಬ್ಬಾಗುವುದುಂಟು. ಊರಿನಿಂದ ಬಂದ ವೃದ್ಧ ತಂದೆತಾಯಿಗಳಿಗೆ ವೈದ್ಯರ ಮಾತನ್ನು ಕನ್ನಡದಲ್ಲಿ ತಿಳಿಸಿಹೇಳುವ ಹೊಣೆಯೂ ಅವರದೇ. ಒಂದಕ್ಷರ ತಪ್ಪಿ ಕೇಳಿಸಿದರೆ ಅರ್ಥವೇ ತಲೆಕೆಳಗಾಗುವ ಪದಗಳು ಅಲ್ಲಿ ಅನೇಕ.

ವೈದ್ಯಶಾಸ್ತ್ರದ ಪದಗಳಲ್ಲಿ ಬಹುಪಾಲು ಗ್ರೀಕ್ ಮತ್ತು ಲ್ಯಾಟಿನ್ ಮೂಲದವು. ಈ ಎರಡು ಭಾಷೆಗಳೂ ಸಂಸ್ಕೃತವೂ ಒಂದೇ ಮೂಲದಿಂದ ಹುಟ್ಟಿರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಮುಂದೆ ಪ್ರತಿಪಾದಿಸಿದರು. ಸಂಸ್ಕೃತ ಪದಗಳು ಕನ್ನಡದಲ್ಲಿ ಹೇರಳವಾಗಿ ಬೆರೆತಿರುವುದರಿಂದ ಈ ನಂಟು ನಮ್ಮವರಿಗೆ ಒಳ್ಳೆಯ ಕೀಲಿಕೈ.

ಹೈಪರ್ ಮತ್ತು ಹೈಪೋ

'ಹೈಪರ್' ಎಂದರೆ ಮಿತಿಮೀರಿದ್ದು. ಇದು 'ಉಪರಿ' ಶಬ್ದದ ಬಂಧು. 'ಹೈಪೋ' ಎಂದರೆ ಕೆಳಗಿನದು, ಕಡಿಮೆಯಾದದ್ದು. ಇದು 'ಉಪ'ದ ಬಂಧು. ಅಧ್ಯಕ್ಷರ ಕೆಳಗಿನವರು ಉಪಾಧ್ಯಕ್ಷರೆಂಬುದನ್ನು ನೆನೆದರೆ ಮರೆವಿಗೆ ಆಸ್ಪದವಿಲ್ಲ. ರಕ್ತದಲ್ಲಿ ಸಕ್ಕರೆ ಹೆಚ್ಚಾದರೆ ಹೈಪರ್‌ಗ್ಲೈಸೀಮಿಯ, ಕಡಿಮೆಯಾದರೆ ಹೈಪೋಗ್ಲೈಸೀಮಿಯ. ಎರಡನೆಯದರಲ್ಲಿ ಬೆವರು, ನಡುಕ, ಮಂಪರು ತೋರುತ್ತವೆ. ಎಚ್ಚರವಿದ್ದು ನುಂಗಬಲ್ಲ ರೋಗಿಗೆ ಕೂಡಲೇ ಸಕ್ಕರೆ ಕೊಡಬೇಕು. ಮೊದಲನೆಯದರಲ್ಲಿ ಸಕ್ಕರೆ ಕೊಡುವುದು ಹಾನಿಕರ. ವೇಗದ ಮಾತಿನಲ್ಲಿ ಈ ಎರಡು ಪದಗಳೂ ಒಂದೇ ಎಂಬಂತೆ ಕೇಳಿಸುವುದರಿಂದ, "ಹೆಚ್ಚೋ, ಕಡಿಮೆಯೋ?" ಎಂದು ವೈದ್ಯರನ್ನೇ ಕೇಳಿಬಿಡುವುದು ಕ್ಷೇಮ.

ಇದೇ ರೀತಿ 'ಡಿಸ್' ಎಂಬುದು ನಮ್ಮ 'ದುಸ್'ನ ಬಂಧು. ಉಸಿರಾಟದ ಕಷ್ಟಕ್ಕೆ ಡಿಸ್ಪ್ನಿಯ ಎನ್ನುತ್ತಾರೆ. ಅಭಾವವನ್ನು ಸೂಚಿಸುವ 'ಅ', 'ಅನ್' ಎಂಬುವು ಗ್ರೀಕಿನಲ್ಲಿಯೂ ಉಂಟು. ರಕ್ತಹೀನತೆ ಅನೀಮಿಯ, ಉಸಿರು ಕೆಲಕಾಲ ನಿಲ್ಲುವುದು ಆಪ್ನಿಯ.

ಮೌನವಾಗಿರುವ ಅಕ್ಷರಗಳು

ನ್ಯುಮೋನಿಯ, ಸೈಕಾಯಟ್ರಿಸ್ಟ್ ಎಂಬ ಪದಗಳನ್ನು 'ಪಿ' ಅಕ್ಷರದಿಂದ ಆರಂಭಿಸಿ ಬರೆದರೂ ಅದನ್ನು ಉಚ್ಚರಿಸಕೂಡದು. ಆದರೆ ಡಿಸ್ಪ್ನಿಯದ ನಡುವೆ ಅದೇ 'ಪಿ' ಸ್ಪಷ್ಟವಾಗಿ ಕೇಳಿಸುತ್ತದೆ. ಹಾಗೆಯೇ ಬಿನೈನ್ ಎಂಬಲ್ಲಿ 'ಜಿ' ಅಕ್ಷರ ಮೌನ. ಮಲಿಗ್ನಂಟ್ ಎಂಬಲ್ಲಿ ಅದಕ್ಕೆ ಧ್ವನಿಯುಂಟು. ಗಡ್ಡೆ ಬಿನೈನ್ ಎಂದರೆ ಕ್ಯಾನ್ಸರ್ ಅಲ್ಲವೆಂದೂ, ಮಲಿಗ್ನಂಟ್ ಎಂದರೆ ಕ್ಯಾನ್ಸರ್ ಎಂದೂ ಅರ್ಥ.

ತಪ್ಪು ತಿಳಿವಳಿಕೆಗೆ ಎಡೆಗೊಡುವ ಪದಗಳು

ಕ್ರಾನಿಕ್ ಎಂದರೆ ಉಗ್ರವಾದದ್ದೆಂದು ಹಲವರು ಭಾವಿಸುತ್ತಾರೆ. ಕಾಲ ಎಂಬರ್ಥದ ಗ್ರೀಕ್ ಪದದಿಂದ ಬಂದ ಇದಕ್ಕೆ ದೀರ್ಘಕಾಲದ್ದು ಎಂದಷ್ಟೇ ಅರ್ಥ. ಥಟ್ಟನೆ ತಲೆದೋರಿದ ಕಾಯಿಲೆ ಅಕ್ಯೂಟ್. ರೋಗಪರೀಕ್ಷೆಯ ವರದಿಯಲ್ಲಿ 'ನೆಗಟಿವ್' ಎಂದಿದ್ದರೆ ಗಾಬರಿಪಡಬೇಕಾಗಿಲ್ಲ. ಹುಡುಕಿದ ರೋಗದ ಗುರುತು ಆ ಪರೀಕ್ಷೆಯಲ್ಲಿ ಸಿಗಲಿಲ್ಲವೆಂದು ತಾತ್ಪರ್ಯ. ಡಯಾಗ್ನೋಸಿಸ್ ಎಂದರೆ ರೋಗನಿರ್ಣಯ. ಪ್ರಾಗ್ನೋಸಿಸ್ ಎಂದರೆ ರೋಗ ಮುಂದೆ ಯಾವ ಹಾದಿ ಹಿಡಿದೀತೆಂಬ ಅಂದಾಜು. ಎರಡರಲ್ಲಿಯೂ ಅಡಗಿರುವ ಗ್ರೀಕ್ ಧಾತು ನಮ್ಮ 'ಜ್ಞಾನ'ದ ಸೋದರ.

ಶಸ್ತ್ರಚಿಕಿತ್ಸೆಯ ಹೆಸರುಗಳಲ್ಲಿ ಪದದ ಕೊನೆಯನ್ನು ಗಮನಿಸಬೇಕು. 'ಎಕ್ಟಮಿ' ಎಂದರೆ ಕತ್ತರಿಸಿ ತೆಗೆಯುವುದು. 'ಆಸ್ಟಮಿ' ಎಂದರೆ ದ್ವಾರ ನಿರ್ಮಿಸುವುದು. ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರವನ್ನೇ, ಅಥವಾ ಅದರ ಒಂದು ಭಾಗವನ್ನು, ತೆಗೆದುಹಾಕುತ್ತಾರೆ. ಗ್ಯಾಸ್ಟ್ರಾಸ್ಟಮಿಯಲ್ಲಿ ನಳಿಗೆಯ ಮೂಲಕ ಆಹಾರ ಕೊಡಲು ಜಠರಕ್ಕೆ ದಾರಿ ಮಾಡುತ್ತಾರೆ.

ಸಾಲಪತ್ರವನ್ನು ಓದದೆ ಸಹಿ ಹಾಕಲೊಪ್ಪದ ಜಾಣರೂ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಕಣ್ಣುಮುಚ್ಚಿ ಸಹಿ ಹಾಕುವುದುಂಟು. ಅರ್ಥವಾಗದ ಪದವನ್ನು ಕಾಗದದ ಮೇಲೆ ಬರೆಸಿಕೊಂಡು, ವಿವರಣೆ ಪಡೆದು, ಅನಂತರ ಸಹಿ ಮಾಡುವುದು ರೋಗಿಯ ಹಕ್ಕು. ಹಾಗೆ ಕೇಳುವುದರಲ್ಲಿ ಅವಮಾನವೇನೂ ಇಲ್ಲ.